ಬರಬಹುದು, ಇವತ್ತು ಬೇಡ ಎನ್ನಲೂಬಹುದು

"ಮುಟ್ಟಾದ ಹುಡುಗಿ ಆಟಕ್ಕೆ ಬರಬಹುದು. ಇವತ್ತು ಆಗುವುದಿಲ್ಲ ಎಂದರೆ ಕಾರಣ ಕೆದಕದೆ ಕೂರಿಸಬೇಕು."

ನಮ್ಮ ತಾಲ್ಲೂಕಿನ ದೈಹಿಕ ಶಿಕ್ಷಣ ಶಿಕ್ಷಕರ ಸಭೆಯಲ್ಲಿ ನಾನು ಹೇಳಿದ್ದು ಇವೆರಡೇ ಮಾತು. ಹೈಸ್ಕೂಲಿನ ಹುಡುಗಿಯರಿಗೆ ಆಟ ಕಲಿಸುತ್ತಾ ಇಪ್ಪತ್ತೆರಡು ವರ್ಷ ಕಳೆದವಳಿಗೆ ಇದರಲ್ಲಿ ವಾದ ಮಾಡುವಂಥದ್ದೇನೂ ಕಂಡಿರಲಿಲ್ಲ. ಆದರೆ ಅಂದಿನಿಂದ ಸ್ಟಾಫ್ ರೂಮಿನಲ್ಲಿ, ಪೋಷಕರ ಸಭೆಯಲ್ಲಿ, ನೆಂಟರ ಮನೆಯ ಜಗಲಿಯಲ್ಲಿ ಆಕ್ಷೇಪ ಕೇಳುತ್ತಲೇ ಇದ್ದೇನೆ. ಒಂದಷ್ಟು ಜನರಿಗೆ ಮೊದಲನೆಯ ಮಾತು ಹಿಡಿಸಿಲ್ಲ. ಮುಟ್ಟಿನಲ್ಲಿ ಓಡಿದರೆ ಹುಡುಗಿಯ ಒಡಲು ಕೆಡುತ್ತದೆ ಎನ್ನುತ್ತಾರೆ. ಇನ್ನೊಂದಷ್ಟು ಜನರಿಗೆ ಎರಡನೆಯದು ಹಿಡಿಸಿಲ್ಲ. ಹೀಗೆ ಕೂರಿಸುತ್ತಾ ಹೋದರೆ ತಂಡ ಕಟ್ಟುವುದು ಹೇಗೆ ಎನ್ನುತ್ತಾರೆ.

ಇವರಲ್ಲಿ ಬಹುಪಾಲು ಮಂದಿ ಹೆಣ್ಣುಮಕ್ಕಳ ಮೇಲಿನ ಅಕ್ಕರೆಯಿಂದಲೇ ಮಾತಾಡಿದವರು. ಆದ್ದರಿಂದ ಅವರ ಒಂದೊಂದು ಮಾತನ್ನೂ ಎತ್ತಿಕೊಂಡು ಉತ್ತರ ಕೊಡುತ್ತೇನೆ. ಒಪ್ಪಬೇಕಾದ ಕಡೆ ಒಪ್ಪುತ್ತೇನೆ, ಒಪ್ಪಲಾಗದ ಕಡೆ ಯಾಕೆಂದು ಹೇಳುತ್ತೇನೆ.

1. "ಓಡಿದರೆ, ಜಿಗಿದರೆ ಗರ್ಭಕೋಶ ಜಾರುತ್ತದೆ. ಮುಂದೆ ಮಕ್ಕಳಾಗುವುದು ಕಷ್ಟ."

ಇದು ನಮ್ಮ ಹಳ್ಳಿಯ ಅಜ್ಜಿಯರು ಮಾತ್ರ ಆಡಿದ ಮಾತಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರು 800 ಮೀಟರ್ ಓಡಿ ಕುಸಿದು ಬಿದ್ದರೆಂದು ಪತ್ರಿಕೆಗಳು ಹುಯಿಲೆಬ್ಬಿಸಿದವು. ಅದರ ಬೆನ್ನಿಗೇ ಆ ಓಟವನ್ನು ತೆಗೆದುಹಾಕಿದರು. 1960ರ ರೋಮ್ ಒಲಿಂಪಿಕ್ಸ್‌ವರೆಗೆ ಅದು ಮರಳಿ ಬರಲಿಲ್ಲ. 1966ರಲ್ಲಿ ಬಾಸ್ಟನ್ ಮ್ಯಾರಥಾನ್‌ಗೆ ಅರ್ಜಿ ಹಾಕಿದ ಬಾಬಿ ಗಿಬ್ ಎಂಬಾಕೆಗೆ, ಹೆಣ್ಣಿನ ಮೈ ಅಷ್ಟು ದೂರ ತಾಳದು ಎಂಬ ಉತ್ತರ ಬಂತು. ಆಕೆ ನೋಂದಣಿಯಿಲ್ಲದೆಯೇ ಓಡಿ ಮುಗಿಸಿದಳು. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಶುರುವಾದದ್ದು 1984ರಲ್ಲಿ. ಅಲ್ಲಿಂದೀಚೆಗೆ ಲೆಕ್ಕವಿಲ್ಲದಷ್ಟು ಹೆಂಗಸರು ಓಡಿದ್ದಾರೆ, ಜಿಗಿದಿದ್ದಾರೆ, ಭಾರ ಎತ್ತಿದ್ದಾರೆ, ಮಕ್ಕಳನ್ನೂ ಹೆತ್ತಿದ್ದಾರೆ.

ಗರ್ಭಕೋಶ ಗೂಟಕ್ಕೆ ನೇತುಹಾಕಿದ ಚೀಲದಂತೆ ಇರುವುದಿಲ್ಲ. ಸುತ್ತಲಿನ ಗಟ್ಟಿ ಕಟ್ಟುಗಳು ಅದನ್ನು ಹಿಡಿದಿರುತ್ತವೆ, ಅಡಿಯಲ್ಲಿ ಸ್ನಾಯುಗಳು ಬೊಗಸೆಯಂತೆ ಆತುಕೊಂಡಿರುತ್ತವೆ. ಅದು ಜಾರುವುದೇ ಇಲ್ಲ ಎನ್ನುತ್ತಿಲ್ಲ. ಮೇಲಿಂದ ಮೇಲೆ ಹೆರಿಗೆ, ತ್ರಾಸದ ಹೆರಿಗೆ, ವಯಸ್ಸು, ವರ್ಷಗಟ್ಟಲೆಯ ಕೆಮ್ಮು, ಮಲಬದ್ಧತೆ, ಬಾಣಂತನ ಮುಗಿಯುವ ಮೊದಲೇ ಹೊರೆ ಹೊರುವುದು, ಇವುಗಳಿಂದ ಆ ಸ್ನಾಯುಗಳು ಸಡಿಲಾಗಿ ಗರ್ಭಕೋಶ ಇಳಿಯುತ್ತದೆ. ಅಜ್ಜಿ ತನ್ನ ಓರಗೆಯವರಲ್ಲಿ ಈ ಕಷ್ಟವನ್ನು ಕಣ್ಣಾರೆ ಕಂಡಿದ್ದಾಳೆ. ಅವಳು ಕಂಡದ್ದು ನಿಜ. ಆದರೆ ಅವರಿಗೆ ಅದು ಬಂದದ್ದು ಕುಂಟೆಬಿಲ್ಲೆ ಆಡಿದ್ದರಿಂದಲ್ಲ.

"ಓಡಿದರೆ ರಕ್ತ ಹೆಚ್ಚು ಹೋಗುತ್ತದಲ್ಲ?" ಎಂದು ತಾಯಂದಿರು ಕೇಳುತ್ತಾರೆ. ಕೂತು ಎದ್ದಾಗ, ಓಡಲು ತೊಡಗಿದಾಗ, ಒಳಗೆ ನಿಂತಿದ್ದದ್ದು ಒಮ್ಮೆಗೇ ಇಳಿಯುತ್ತದೆ. ಆದ್ದರಿಂದ ಹೆಚ್ಚಾದಂತೆ ಕಾಣುತ್ತದೆ. ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್, ಎರಡು ಮೂರು ದೊಡ್ಡ ಚಮಚದಷ್ಟು. ಆಟದಿಂದ ಈ ಅಳತೆ ಏರುವುದಿಲ್ಲ. 80 ಮಿಲಿಲೀಟರ್ ದಾಟಿದರೆ ಅದು ಅತಿಸ್ರಾವ. ಗಂಟೆಗೊಂದು ಪ್ಯಾಡ್ ತೊಯ್ದು ಹೋಗುತ್ತಿದ್ದರೆ, ದೊಡ್ಡ ದೊಡ್ಡ ಗಡ್ಡೆಗಳು ಬೀಳುತ್ತಿದ್ದರೆ, ಏಳು ದಿನ ಕಳೆದರೂ ನಿಲ್ಲದಿದ್ದರೆ ಆಟ ಬಿಡಿಸಿ ಸುಮ್ಮನಾಗಬೇಡಿ, ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.

2. "ಹಿರಿಯರು ಮೂರು ದಿನ ವಿಶ್ರಾಂತಿ ಕೊಟ್ಟಿದ್ದರು. ಅದನ್ನೂ ಕಿತ್ತುಕೊಳ್ಳುತ್ತೀರಾ?"

ನನ್ನ ಅಜ್ಜಿ 'ಹೊರಗೆ' ಕೂತ ದಿನ ಒಲೆಯ ಹತ್ತಿರ ಬರುತ್ತಿರಲಿಲ್ಲ, ದೇವರ ಮನೆಯ ಹೊಸಿಲು ದಾಟುತ್ತಿರಲಿಲ್ಲ. ಆದರೆ ಕಳೆ ಕೀಳಲು ಹೊಲಕ್ಕೆ ಹೋಗುತ್ತಿದ್ದಳು, ಕೊಟ್ಟಿಗೆಯ ಸಗಣಿ ಬಾಚುತ್ತಿದ್ದಳು, ಮನೆಮಂದಿಯ ಬಟ್ಟೆಯನ್ನೆಲ್ಲ ಕೆರೆಗೆ ಹೊತ್ತು ಒಗೆಯುತ್ತಿದ್ದಳು. ಒಳಗಿನ ಕೆಲಸಕ್ಕೆ ರಜೆ ಸಿಕ್ಕಿತ್ತು, ಹೊರಗಿನ ದುಡಿತಕ್ಕೆ ಇರಲಿಲ್ಲ. ಇವತ್ತಿಗೂ ಸೊಂಟ ಬಗ್ಗಿಸಿ ನಾಟಿ ಹಾಕುವವಳು, ಕಾಫಿ ತೋಟದಲ್ಲಿ ಹಣ್ಣು ಬಿಡಿಸುವವಳು, ಇಟ್ಟಿಗೆ ಹೊರುವವಳು ಆ ಮೂರು ದಿನ ಕೂಲಿ ಬಿಡುವುದಿಲ್ಲ. ಆಗ ಯಾರೂ ಗರ್ಭಕೋಶದ ಮಾತೆತ್ತುವುದಿಲ್ಲ. ದುಡಿಯಲು ಬಾಗಿದ ಮೈಗೆ ಇಲ್ಲದ ಆತಂಕ ಆಡಲು ಜಿಗಿದ ಮೈಗೆ ಮಾತ್ರ ಯಾಕೆ ಬರಬೇಕು?

ತುಮಕೂರು, ಚಿತ್ರದುರ್ಗದ ಕಡೆಯ ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಊರಾಚೆಯ ಗುಡಿಸಲಿನಲ್ಲಿ ಇರಿಸಿದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಮಳೆಗೆ ಸೋರುವ, ಚಳಿಗೆ ನಡುಗುವ ಜಾಗವನ್ನು ವಿಶ್ರಾಂತಿ ಎಂದು ಕರೆಯಲು ನನಗೆ ಮನಸ್ಸು ಬಾರದು.

ಹಿರಿಯರು ಮಾಡಿದ್ದರಲ್ಲಿ ಒಳ್ಳೆಯದೂ ಇದೆ. ಮೈನೆರೆದ ಹುಡುಗಿಗೆ ಆರತಿ ಎತ್ತಿ, ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ, ತುಪ್ಪ, ಮೆಂತ್ಯದ ಹಿಟ್ಟು ತಿನ್ನಿಸಿದರಲ್ಲ, ಅದು ಉಳಿಯಲಿ. ಆರತಿಯ ಹದಿನೈದು ದಿನಕ್ಕಷ್ಟೇ ನಿಲ್ಲದೆ ವರ್ಷವಿಡೀ ಉಳಿಯಲಿ. ಮಲಗಬೇಕು ಎನಿಸಿದವಳನ್ನು ಮಲಗಲು ಬಿಡುವುದೂ ಉಳಿಯಲಿ. ನಾನು ವಿಶ್ರಾಂತಿಯ ವಿರೋಧಿಯಲ್ಲ. ಆಡಲು ಮೈಯೂ ಮನಸ್ಸೂ ಸಿದ್ಧವಿರುವ ಹುಡುಗಿಯನ್ನು 'ವಿಶ್ರಾಂತಿ' ಎಂಬ ಹೆಸರಿಟ್ಟು ಕಟ್ಟಿಹಾಕುವುದನ್ನು ವಿರೋಧಿಸುತ್ತೇನೆ.

ಅದು ನನಗೇ ಆಗಿದೆ. ಒಂಬತ್ತನೇ ಕ್ಲಾಸಿನಲ್ಲಿ ತಾಲ್ಲೂಕು ಮಟ್ಟದ ಖೋಖೋ ಪಂದ್ಯದ ದಿನ ಬೆಳಿಗ್ಗೆ ಮುಟ್ಟಾಯಿತು. ಹೊಟ್ಟೆನೋವಿರಲಿಲ್ಲ, ಸುಸ್ತಿರಲಿಲ್ಲ. ವಿಷಯ ಗೊತ್ತಾದದ್ದೇ ತಡ, ಟೀಚರು ನನ್ನನ್ನು ತಂಡದಿಂದ ತೆಗೆದು ಮೈದಾನದ ಅಂಚಿನ ಹೊಂಗೆ ಮರದಡಿ ಕೂರಿಸಿದರು. ನೀನು ಆಡಬಲ್ಲೆಯಾ ಎಂದು ಒಬ್ಬರೂ ಕೇಳಲಿಲ್ಲ. ಆ ಮರದ ನೆರಳು ಎಷ್ಟು ತಂಪಾಗಿತ್ತೋ ಅಷ್ಟೇ ಉರಿ ನನ್ನೊಳಗೆ.

3. "ಹೊಟ್ಟೆನೋವಿನಲ್ಲಿ ನರಳುವವಳನ್ನು ಓಡಿಸುವುದೇ?"

ನರಳುವವಳನ್ನು ಯಾರೂ ಓಡಿಸಬಾರದು. ನನ್ನ ಎರಡನೆಯ ಮಾತು ಇರುವುದೇ ಅವಳಿಗಾಗಿ. ಆದರೆ ನೋವಿಗೂ ವ್ಯಾಯಾಮಕ್ಕೂ ಇರುವ ಸಂಬಂಧವನ್ನು ನಾವು ತಿರುವುಮುರುವಾಗಿ ತಿಳಿದುಕೊಂಡಿದ್ದೇವೆ. ಮುಟ್ಟಿನ ಹೊತ್ತಿಗೆ ಗರ್ಭಕೋಶದ ಒಳಪದರದಿಂದ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಹೊರಡುತ್ತವೆ. ಅವು ಗರ್ಭಕೋಶವನ್ನು ಬಿಗಿಯಾಗಿ ಹಿಂಡುತ್ತವೆ. ಹಿಂಡಿದಾಗ ಅಲ್ಲಿನ ರಕ್ತದ ಓಡಾಟ ಕುಗ್ಗಿ ನೋವು ಏಳುತ್ತದೆ. ವಾರಕ್ಕೆ ಮೂರು ಸಲ, ಒಂದೊಂದು ಸಲ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಹೀಗೆ ತಿಂಗಳುಗಟ್ಟಲೆ ವ್ಯಾಯಾಮ ಮಾಡಿದವರಲ್ಲಿ ಮುಟ್ಟಿನ ನೋವು ನೂರು ಅಂಕದ ಅಳತೆಯಲ್ಲಿ ಸುಮಾರು 25 ಅಂಕದಷ್ಟು ಇಳಿಯಬಹುದು ಎಂದು 2019ರ ಕೊಕ್ರೇನ್ ಪರಾಮರ್ಶೆ ಹೇಳಿತು. ಇದಕ್ಕಿರುವ ಪುರಾವೆ ಇನ್ನೂ ಗಟ್ಟಿಯಾಗಬೇಕು ಎಂದೂ ಅದೇ ಪರಾಮರ್ಶೆ ಹೇಳಿದೆ. ಜೋರು ಓಟಕ್ಕೂ ನಿಧಾನದ ಯೋಗಕ್ಕೂ ಈ ಗುಣ ಕಂಡುಬಂದಿದೆ.

ಹಾಗೆಂದು ನೋವಿನ ದಿನವೇ ಮೊದಲ ಸಲ ಎದ್ದು ಓಡಿ ಎನ್ನುತ್ತಿಲ್ಲ. ಲಾಭ ಬರುವುದು ಉಳಿದ ದಿನಗಳ ರೂಢಿಯಿಂದ. ನೋವಿನ ದಿನ ಹತ್ತು ನಿಮಿಷ ನಡೆದು ನೋಡಿ. ಹಗುರವಾದರೆ ಮುಂದುವರಿಸಿ, ಬಿಗಿದರೆ ನಿಲ್ಲಿಸಿ ಬಿಸಿನೀರಿನ ಶಾಖ ಕೊಡಿ. ನೋವಿನ ಮಾತ್ರೆ ಬೇಕಾದರೆ ವೈದ್ಯರನ್ನು ಕೇಳಿ, ಊಟವಾದ ಮೇಲೆ ತೆಗೆದುಕೊಳ್ಳಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಮೆಫೆನಾಮಿಕ್ ಆಸಿಡ್ ಮಾತ್ರೆಯಿಂದ ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದೆಂದು 2023ರ ಕೊನೆಯಲ್ಲಿ ಭಾರತೀಯ ಫಾರ್ಮಕೋಪಿಯಾ ಆಯೋಗ ಎಚ್ಚರಿಸಿದೆ. ಮಾತ್ರೆಗೂ ಬಗ್ಗದ, ತಿಂಗಳು ತಿಂಗಳು ಶಾಲೆ ತಪ್ಪಿಸುವ ನೋವನ್ನು "ಎಲ್ಲರಿಗೂ ಆಗುತ್ತೆ, ಸಹಿಸ್ಕೋ" ಎಂದು ತಳ್ಳಿಹಾಕಬೇಡಿ. ಅದರ ಹಿಂದೆ ಎಂಡೊಮೆಟ್ರಿಯೋಸಿಸ್‌ನಂಥ ಕಾಯಿಲೆ ಇರಬಹುದು.

4. "ನಮ್ಮ ಹುಡುಗಿಯರಲ್ಲಿ ರಕ್ತವೇ ಇಲ್ಲ. ಓಡುವ ಮಾತೆಲ್ಲಿ?"

ಈ ಆಕ್ಷೇಪ ಎತ್ತಿದ್ದು ಒಬ್ಬ ವೈದ್ಯರು. ಅವರ ಮುಂದೆ ತಲೆಬಾಗುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕೆಳಗಿರುವ ಹುಡುಗಿ ಬೇಗ ಏದುಸಿರು ಬಿಡುತ್ತಾಳೆ, ಎಂಟಕ್ಕಿಂತ ಕೆಳಗಿಳಿದವಳಿಗೆ ಜೋರಿನ ಆಟ ಅಪಾಯವೇ ಸರಿ. ಮುಟ್ಟಿನ ದಿನಗಳಲ್ಲಿ ಮಾತ್ರವಲ್ಲ, ಚಿಕಿತ್ಸೆ ಮುಗಿದು ರಕ್ತ ಏರುವವರೆಗೆ ಎಲ್ಲ ದಿನವೂ ಅವಳಿಗೆ ಹಗುರವಾದ ನಡಿಗೆಯಷ್ಟೇ ಸಾಕು.

ಆದರೆ ಈ ಕಾರಣಕ್ಕೆ ಎಲ್ಲರನ್ನೂ ಮುಟ್ಟಿನಲ್ಲಿ ಕೂರಿಸಿದರೆ ಒಬ್ಬರ ರಕ್ತಹೀನತೆಯೂ ವಾಸಿಯಾಗದು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, ಜೊತೆಗೆ ಫೋಲಿಕ್ ಆಸಿಡ್ ಇದೆ. ಅದನ್ನು ನುಂಗದೆ ಕಿಟಕಿಯಾಚೆ ಎಸೆಯುವ ಹುಡುಗಿಯರನ್ನು ನಾನು ಕಂಡಿದ್ದೇನೆ. ಬರಿಹೊಟ್ಟೆಯಲ್ಲಿ ತಿಂದು ವಾಕರಿಕೆ ಬಂದದ್ದೇ ಅದಕ್ಕೆ ಕಾರಣ. ಬಿಸಿಯೂಟದ ನಂತರ ನನ್ನ ಎದುರಿಗೇ ನುಂಗಿಸಲು ಶುರುಮಾಡಿದ ಮೇಲೆ ಕಿಟಕಿಯ ಕೆಳಗೆ ಮಾತ್ರೆ ಸಿಗುವುದು ನಿಂತಿತು. ಸೊಪ್ಪು, ಹುರುಳಿ, ಕಾಳುಗಳ ಮೇಲೆ ನಿಂಬೆ ಹಿಂಡಿ ಉಣ್ಣಿ, ಊಟದ ಹಿಂದುಮುಂದು ಒಂದು ಗಂಟೆ ಟೀ ಕಾಫಿ ಬೇಡ, ಜಂತುಹುಳುವಿನ ಮಾತ್ರೆ ತಪ್ಪಿಸಬೇಡಿ ಎಂದು ಮನೆಗೂ ಹೇಳಿ ಕಳಿಸುತ್ತೇನೆ. ಏದುಸಿರು, ತಲೆಸುತ್ತು, ಬಿಳಚಿದ ಕಣ್ಣಿನ ಒಳರೆಪ್ಪೆ ಕಂಡರೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ, ಮೈದಾನ ಆಮೇಲೆ.

5. "ಯೋಗದಲ್ಲೇ ನಿಷೇಧವಿದೆ. ತಲೆಕೆಳಗಾದರೆ ರಕ್ತ ಹಿಂದಕ್ಕೆ ಹರಿಯುತ್ತದೆ."

ಯೋಗ ಕಲಿಸುವ ಗೆಳತಿಯೊಬ್ಬಳು ಈ ಮಾತೆತ್ತಿದಳು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪರಂಪರೆಯಲ್ಲಿ, ಅದರಲ್ಲೂ ಮಗಳು ಗೀತಾ ಅಯ್ಯಂಗಾರ್ ಅವರ ಬೋಧನೆಯಲ್ಲಿ, ಮುಟ್ಟಿನ ದಿನಗಳಲ್ಲಿ ಶೀರ್ಷಾಸನ, ಸರ್ವಾಂಗಾಸನ ಬೇಡ ಎಂಬ ಸ್ಪಷ್ಟ ಕಟ್ಟಳೆಯಿದೆ. ಮೈಸೂರಿನ ಅಷ್ಟಾಂಗ ಪದ್ಧತಿಯಲ್ಲೂ ಮೊದಲ ಮೂರು ದಿನ ಬಿಡುವು ಕೊಡುತ್ತಾರೆ. ಅಪಾನ ವಾಯುವಿನ ಗತಿ ಕೆಳಮುಖವಾಗಿರುವಾಗ ಅದನ್ನು ತಡೆಯಬಾರದು ಎಂಬುದು ಅವರ ತಿಳಿವಳಿಕೆ. ಆ ಗುರುಗಳ ಬಳಿ ಕಲಿಯುವವರು ಆ ಶಿಸ್ತು ಪಾಲಿಸಲಿ. ಒರಗಿ ಮಾಡುವ ಬದ್ಧಕೋನಾಸನ, ಬಾಲಾಸನ ಹೇಗೂ ಆ ದಿನ ಹಿತವಾಗಿರುತ್ತವೆ.

ಆದರೆ ತಲೆಕೆಳಗಾಗಿ ನಿಂತವಳಿಗೆ ಎಂಡೊಮೆಟ್ರಿಯೋಸಿಸ್ ಬರುತ್ತದೆ ಎಂದು ಹೆದರಿಸುವುದಕ್ಕೆ ಪುರಾವೆಯಿಲ್ಲ. ಮುಟ್ಟಿನ ರಕ್ತದಲ್ಲಿ ಒಂದಿಷ್ಟು ಅಂಡನಾಳದ ಮೂಲಕ ಹಿಂದಕ್ಕೆ ಹೋಗುವುದು ಬಹುಪಾಲು ಹೆಂಗಸರಲ್ಲಿ ಆಗುವಂಥದ್ದೇ. ಶೀರ್ಷಾಸನವನ್ನು ಕಂಡೂ ಅರಿಯದವರಲ್ಲೂ ಆಗುತ್ತದೆ. ರಕ್ತವನ್ನು ಹೊರಕ್ಕೆ ಕಳಿಸುವುದರಲ್ಲಿ ಭೂಮಿಯ ಸೆಳೆತಕ್ಕಿಂತ ಗರ್ಭಕೋಶದ ಹಿಂಡುವಿಕೆಯ ಪಾಲು ದೊಡ್ಡದು. ಹಾಗಿಲ್ಲದಿದ್ದರೆ ರಾತ್ರಿ ಅಡ್ಡಾಗಿ ಮಲಗಿದವರ ಸ್ರಾವ ನಿಂತುಬಿಡಬೇಕಿತ್ತು. ಹೆಂಗಸರನ್ನು ಬಾಹ್ಯಾಕಾಶಕ್ಕೆ ಕಳಿಸುವ ಮುನ್ನ ನಾಸಾದಲ್ಲೂ ಇದೇ ದಿಗಿಲಿತ್ತು: ತೂಕವೇ ಇಲ್ಲದ ಜಾಗದಲ್ಲಿ ರಕ್ತ ಹೊಟ್ಟೆಯೊಳಕ್ಕೆ ಹರಿದರೆ? 1983ರಲ್ಲಿ ಸ್ಯಾಲಿ ರೈಡ್ ಹೋಗಿ ಬಂದರು, ಅವರ ಹಿಂದೆ ಅನೇಕರು ಹೋದರು. ಅಲ್ಲಿಯೂ ಮುಟ್ಟು ನೆಲದ ಮೇಲಿನಂತೆಯೇ ಆಯಿತು.

6. "ಮುಟ್ಟು ಒಂದು ನೆಪ. ಪದಕ ಗೆಲ್ಲುವವರು ನೆಪ ಹೇಳುವುದಿಲ್ಲ."

ಇದು ಮತ್ತು ಇದರ ಮುಂದಿನದು ಎರಡನೆಯ ಬಣದ ಆಕ್ಷೇಪಗಳು. ಇದನ್ನು ಹೇಳಿದ ಕೋಚ್ ಪೌಲಾ ರ‍್ಯಾಡ್‌ಕ್ಲಿಫ್ ಅವರ ಉದಾಹರಣೆ ಕೊಟ್ಟರು. ಆಕೆ 2002ರಲ್ಲಿ ಶಿಕಾಗೋ ಮ್ಯಾರಥಾನ್ ಅನ್ನು 2 ಗಂಟೆ 17 ನಿಮಿಷ 18 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದ್ದು ಮುಟ್ಟಿನ ನೋವಿನ ನಡುವೆಯೇ. ಸತ್ಯ. ಆದರೆ ಅದರ ಪಕ್ಕದಲ್ಲೇ ಇನ್ನೆರಡು ಸತ್ಯಗಳನ್ನು ಇಟ್ಟು ನೋಡಿ. 2016ರ ರಿಯೋದಲ್ಲಿ ಚೀನಾದ ಈಜುಗಾರ್ತಿ ಫು ಯುವಾನ್‌ಹುಯಿ ತಂಡ ರಿಲೇಯಲ್ಲಿ ನಾಲ್ಕನೆಯದಾಯಿತು. ಹಿಂದಿನ ರಾತ್ರಿ ಮುಟ್ಟಾದದ್ದರಿಂದ ಬಹಳ ಸುಸ್ತಾಗಿತ್ತು ಎಂದು ಆಕೆ ಕ್ಯಾಮೆರಾದ ಎದುರೇ ಹೇಳಿದರು. 2024ರ ಪ್ಯಾರಿಸ್‌ನಲ್ಲಿ ನಮ್ಮ ಮೀರಾಬಾಯಿ ಚಾನು ಒಟ್ಟು 199 ಕಿಲೋ ಎತ್ತಿ, ಒಂದೇ ಒಂದು ಕಿಲೋದಿಂದ ಕಂಚು ತಪ್ಪಿಸಿಕೊಂಡರು. ಅಂದು ಮುಟ್ಟಿನ ಮೂರನೆಯ ದಿನವಾಗಿತ್ತು, ನಿಶ್ಶಕ್ತಿಯಿತ್ತು ಎಂದರು. ಇಡೀ ದೇಶದ ಭಾರ ಹೊತ್ತ ಆ ಹೆಣ್ಣುಮಗಳು ನೆಪ ಹೇಳಿದಳು ಎನ್ನುವ ಎದೆ ಯಾರಿಗಿದೆ?

ಒಬ್ಬಳಿಗೆ ಏನೂ ಆಗದ ದಿನ ಇನ್ನೊಬ್ಬಳಿಗೆ ಏಳಲಾಗುವುದಿಲ್ಲ. ಒಬ್ಬಳಿಗೇ ಈ ತಿಂಗಳು ಹಗುರ, ಮುಂದಿನ ತಿಂಗಳು ಭಾರ. 2020ರಲ್ಲಿ 78 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಸಂಶೋಧಕರು ಮುಟ್ಟಿನ ಮೊದಲ ದಿನಗಳಲ್ಲಿ ಸರಾಸರಿ ಸಾಮರ್ಥ್ಯ ಇಳಿಯುವುದು ಅತ್ಯಲ್ಪ, ವ್ಯಕ್ತಿಯಿಂದ ವ್ಯಕ್ತಿಗೆ ಇರುವ ವ್ಯತ್ಯಾಸ ದೊಡ್ಡದು ಎಂದರು. ಸರಾಸರಿಯನ್ನು ನಂಬಿ ಎಲ್ಲರನ್ನೂ ಓಡಿಸುವುದೂ ಬೇಡ, ಎಲ್ಲರನ್ನೂ ಕೂರಿಸುವುದೂ ಬೇಡ.

ಪಿ.ಯು.ಸಿ.ಯಲ್ಲಿ ಜಿಲ್ಲಾ ಕ್ರೀಡಾಕೂಟದ 1500 ಮೀಟರ್ ಓಟದ ದಿನ ನನಗೆ ವಿಪರೀತ ಸ್ರಾವ, ಬೆಳಗಿನಿಂದ ಒಂದು ತುತ್ತೂ ಸೇರಿರಲಿಲ್ಲ. "ಆಗುವುದಿಲ್ಲ ಸಾರ್" ಎಂದೆ. "ನಾಟಕ ಮಾಡಬೇಡ" ಎಂಬ ಉತ್ತರ ಬಂತು. ಮೂರನೆಯ ಸುತ್ತಿನಲ್ಲಿ ಕಣ್ಣು ಕತ್ತಲಿಟ್ಟು ಬಿದ್ದವಳು ಎಚ್ಚೆತ್ತದ್ದು ಆಸ್ಪತ್ರೆಯಲ್ಲಿ. ಒಂಬತ್ತನೇ ಕ್ಲಾಸಿನಲ್ಲಿ ಆಡಬಲ್ಲವಳನ್ನು ಕೂರಿಸಿದರು, ಪಿ.ಯು.ಸಿ.ಯಲ್ಲಿ ಆಗದವಳನ್ನು ಓಡಿಸಿದರು. ಎರಡು ಸಲವೂ ನನ್ನ ಮೈಯ ಸಂಗತಿ ಗೊತ್ತಿದ್ದದ್ದು ನನಗೊಬ್ಬಳಿಗೆ, ತೀರ್ಮಾನ ಮಾಡಿದ್ದು ಬೇರೆಯವರು.

7. "ಚೆನ್ನಾಗಿ ಪಳಗಿದ ಓಟಗಾರ್ತಿಗೆ ಮುಟ್ಟು ನಿಂತೇ ಹೋಗುತ್ತದೆ. ಒಳ್ಳೆಯದೇ ಆಯಿತು."

ಎಲ್ಲ ಆಕ್ಷೇಪಗಳ ಪೈಕಿ ನನ್ನ ನಿದ್ದೆ ಕೆಡಿಸಿದ್ದು ಇದು. ಮುಟ್ಟು ನಿಲ್ಲುವುದು ಪಳಗಿದ್ದರ ಗುರುತಲ್ಲ, ಮೈ ಹಸಿದಿರುವುದರ ಗುರುತು. ಓಡಲು ಖರ್ಚಾಗುವಷ್ಟು ಅನ್ನ ಒಳಗೆ ಹೋಗದಿದ್ದಾಗ ಮೈ ಮೊದಲು ಉಳಿತಾಯ ಮಾಡುವುದು ಈ ಖರ್ಚನ್ನು. ಮಿದುಳಿನಿಂದ ಅಂಡಾಶಯಕ್ಕೆ ಹೋಗುವ ಸೂಚನೆ ತಗ್ಗುತ್ತದೆ, ಈಸ್ಟ್ರೋಜನ್ ಇಳಿಯುತ್ತದೆ, ಮುಟ್ಟು ನಿಲ್ಲುತ್ತದೆ. ಈಸ್ಟ್ರೋಜನ್ ಇಲ್ಲದೆ ಮೂಳೆ ಗಟ್ಟಿಯಾಗುವುದಿಲ್ಲ. ಆಯುಷ್ಯಕ್ಕೆ ಬೇಕಾದ ಮೂಳೆಯ ಬಹುಪಾಲು ಕೂಡಿಕೊಳ್ಳುವುದು ಹದಿಹರೆಯದಲ್ಲಿ. ಆಗ ಕಳೆದುಕೊಂಡದ್ದನ್ನು ಮುಂದೆ ಪೂರ್ತಿ ತುಂಬಲು ಬರುವುದಿಲ್ಲ. ಕಾಲಿನ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟು ಆಟವನ್ನೇ ಬಿಡಬೇಕಾಗಿ ಬಂದ ಹುಡುಗಿಯರಿದ್ದಾರೆ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಶಕ್ತಿಯ ಕೊರತೆಗೆ ಹೆಸರಿಟ್ಟು, ಅದು ಮೂಳೆ, ಹೃದಯ, ಮನಸ್ಸು, ರೋಗನಿರೋಧಕ ಶಕ್ತಿ ಎಲ್ಲವನ್ನೂ ಕುಗ್ಗಿಸುತ್ತದೆ, ಗಂಡು ಕ್ರೀಡಾಪಟುಗಳನ್ನೂ ಕಾಡುತ್ತದೆ ಎಂದು ಸ್ಪಷ್ಟಪಡಿಸಿತು.

ಆದ್ದರಿಂದ ಕೋಚ್‌ಗಳೇ, ನಿಮ್ಮ ಹುಡುಗಿಗೆ ಮೂರು ತಿಂಗಳು ಒಂದೇ ಸಮನೆ ಮುಟ್ಟು ಬಾರದಿದ್ದರೆ, ಹದಿನೈದು ತುಂಬಿದರೂ ಮೈನೆರೆಯದಿದ್ದರೆ ವೈದ್ಯರಿಗೆ ತೋರಿಸಿ. ತೂಕ ಇಳಿಸಲು ರಾತ್ರಿಯೂಟ ಬಿಡಿಸಬೇಡಿ. ತಿಂಗಳು ತಿಂಗಳು ಸರಿಯಾಗಿ ಬರುವ ಮುಟ್ಟು ಅವಳ ಅಭ್ಯಾಸಕ್ಕೆ ತಕ್ಕ ಊಟ ಸಿಗುತ್ತಿದೆ ಎಂಬುದಕ್ಕೆ ಖರ್ಚಿಲ್ಲದೆ ಸಿಗುವ ಸಾಕ್ಷಿ.

8. "ಈಗ ಆ್ಯಪ್‌ಗಳೇ ಇವೆ. ಯಾವ ವಾರ ಯಾವ ವ್ಯಾಯಾಮ ಎಂದು ಅವೇ ಹೇಳುತ್ತವೆ."

ನಗರದಿಂದ ಬಂದ ಒಬ್ಬ ತಾಯಿ ಹೀಗೆಂದರು: ಮೊದಲ ಎರಡು ವಾರ ಭಾರ ಎತ್ತಬೇಕು, ಕೊನೆಯ ಎರಡು ವಾರ ಬರಿಯ ನಡಿಗೆ. ಮುಟ್ಟಿನ ದಿನಾಂಕ ಬರೆದಿಡುವುದು ಒಳ್ಳೆಯ ರೂಢಿ. 2019ರಲ್ಲಿ ವಿಶ್ವಕಪ್ ಗೆದ್ದ ಅಮೆರಿಕದ ಮಹಿಳಾ ಫುಟ್‌ಬಾಲ್ ತಂಡವೂ ಆಟಗಾರ್ತಿಯರ ಚಕ್ರವನ್ನು ಗಮನಿಸಿ ನಿದ್ದೆ, ಊಟಗಳನ್ನು ಸರಿಹೊಂದಿಸಿತ್ತು. ಆದರೆ ವಾರದ ಲೆಕ್ಕಕ್ಕೆ ತಕ್ಕಂತೆ ಭಾರ ಎತ್ತಿದರೆ ಹೆಚ್ಚು ಸ್ನಾಯು ಬೆಳೆಯುತ್ತದೆ ಎಂಬ ಮಾತನ್ನು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿದಾಗ ಅದಕ್ಕೆ ಆಧಾರ ಸಿಗಲಿಲ್ಲ. ಮೇಲಾಗಿ ಹದಿಹರೆಯದವರ ಚಕ್ರ 21ರಿಂದ 45 ದಿನದವರೆಗೆ ಎಲ್ಲಿ ಬೇಕಾದರೂ ಇರಬಹುದು. 28 ದಿನವೆಂದು ಎಣಿಸಿ ಕೂತ ಆ್ಯಪ್ ಅವಳ ಪಾಲಿಗೆ ಸುಳ್ಳಾಗುತ್ತದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ಗೆದ್ದ ನಮ್ಮ ಹೆಣ್ಣುಮಕ್ಕಳ ಫೈನಲ್ ದಿನಾಂಕವನ್ನು ಯಾರ ಚಕ್ರವನ್ನೂ ಕೇಳಿ ಇಟ್ಟಿರಲಿಲ್ಲ. ಮುಟ್ಟಿಗೆ ಮುಂಚಿನ ವಾರ ಮೈ ಒಂದಿಷ್ಟು ಬಿಸಿಯಿರುತ್ತದೆ, ಆಗ ಬಿಸಿಲಿನಲ್ಲಿ ನೀರು ಹೆಚ್ಚು ಕುಡಿಯಲಿ. ಮಂಡಿ ಉಳುಕದಂತೆ ಪ್ರತಿದಿನವೂ ಮೈ ಬಿಸಿಮಾಡಿಕೊಂಡು, ಜಿಗಿದು ಮೆತ್ತಗೆ ಇಳಿಯುವುದನ್ನು ಕಲಿಯಲಿ. ಈ ಎರಡಕ್ಕೆ ಆ್ಯಪ್ ಬೇಕಿಲ್ಲ.

9. "ಸರ್ಕಾರವೇ ಮುಟ್ಟಿನ ರಜೆ ಕೊಡುತ್ತಿದೆ. ನೀವು ಆಡಿಸಿ ಎಂದರೆ ಆ ರಜೆಗೆ ಕಲ್ಲು ಹಾಕಿದಂತೆ."

2025ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ದುಡಿಯುವ ಹೆಂಗಸರಿಗೆ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಆ ಸುದ್ದಿ ಓದಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು. ಬೇಕಾದವಳು ತೆಗೆದುಕೊಳ್ಳಬಹುದು, ಬೇಡದವಳು ಕೆಲಸಕ್ಕೆ ಹೋಗಬಹುದು ಎಂಬುದೇ ಆ ರಜೆಯ ಸತ್ವ. ನನ್ನ ಎರಡು ಮಾತುಗಳಲ್ಲಿ ಇರುವುದೂ ಅದೇ. ಒಬ್ಬಳು ಓಡಿದಳೆಂದು ಇನ್ನೊಬ್ಬಳ ರಜೆಯನ್ನು ಪ್ರಶ್ನಿಸುವವರು ಬಂದರೆ ಅವರ ಎದುರು ನಿಲ್ಲಲು ನಾನೂ ಬರುತ್ತೇನೆ.

10. "ಅದೆಲ್ಲ ಸರಿ. ಗಂಡುಮಕ್ಕಳ ಎದುರು ಬಟ್ಟೆ ಕಲೆಯಾದರೆ?"

ಒಬ್ಬ ತಾಯಿ ತಗ್ಗಿದ ದನಿಯಲ್ಲಿ ಕೇಳಿದ ಈ ಪ್ರಶ್ನೆ ಉಳಿದೆಲ್ಲ ಆಕ್ಷೇಪಗಳಿಗಿಂತ ಭಾರವಾದದ್ದು. ಹುಡುಗಿಯರು ಮೈದಾನ ಬಿಡುವುದು ಗರ್ಭಕೋಶದ ಭಯದಿಂದಲ್ಲ, ಕಲೆಯ ಭಯದಿಂದ. ಈ ಭಯವನ್ನು ಬುದ್ಧಿವಾದದಿಂದ ಕಳೆಯಲಾಗದು. ನೀರು, ಬಾಗಿಲಿಗೆ ಚಿಲಕವಿರುವ ಶೌಚಾಲಯ, ಪ್ಯಾಡ್, ಗಾಢ ಬಣ್ಣದ ಬಟ್ಟೆ ಬೇಕು. ಅನೇಕ ಶಾಲೆಗಳಲ್ಲಿ ಶನಿವಾರದ ಡ್ರಿಲ್‌ಗೆ ಬಿಳಿ ಸಮವಸ್ತ್ರ. ವಿಂಬಲ್ಡನ್‌ನಂಥ ಹಠಮಾರಿ ಟೂರ್ನಿಯೇ 2023ರಲ್ಲಿ ತನ್ನ ಬಿಳಿಯ ಕಟ್ಟಳೆ ಸಡಿಲಿಸಿ ಆಟಗಾರ್ತಿಯರಿಗೆ ಗಾಢ ಬಣ್ಣದ ಒಳಚಡ್ಡಿಗೆ ಅವಕಾಶ ಕೊಟ್ಟಿತು. ಶನಿವಾರ ಹುಡುಗಿಯರಿಗೆ ಕಡುನೀಲಿ ಟ್ರ್ಯಾಕ್ ಪ್ಯಾಂಟ್ ಕೊಡಲು ನಮಗೇನು ಅಡ್ಡಿ? ಶುಚಿ ಯೋಜನೆಯ ಪ್ಯಾಡ್‌ಗಳು ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂರುವುದು ಬೇಡ, ಕೈಗೆ ಸಿಗುವಂತಿರಲಿ. ಪ್ಯಾಡನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು, ಆಟ ಮುಗಿದ ಕೂಡಲೇ ಬೆವರಿದ್ದನ್ನು ತೆಗೆಯಬೇಕು, ಇಲ್ಲದಿದ್ದರೆ ತೊಡೆಸಂದಿ ತರಚುತ್ತದೆ. ದೊಡ್ಡವರಲ್ಲಿ ಕಪ್ ಬಳಸುವವರು ಹನ್ನೆರಡು ಗಂಟೆಗಿಂತ ಹೆಚ್ಚು ಹೊತ್ತು ಒಳಗಿಡಬಾರದು. ಕಪ್ ಇದ್ದರೆ ಈಜಲೂ ಅಡ್ಡಿಯಿಲ್ಲ.

ಕೊನೆಗೆ ನಮ್ಮ ಶಾಲೆಯಲ್ಲಿ ನಾನು ಮಾಡಿರುವ ಒಂದು ಏರ್ಪಾಡನ್ನು ಹೇಳಿ ಮುಗಿಸುತ್ತೇನೆ. ನಮ್ಮ ಮೈದಾನದ ಅಂಚಿನಲ್ಲೂ ಒಂದು ಹೊಂಗೆ ಮರವಿದೆ. ಪಿ.ಟಿ. ಪೀರಿಯಡ್ಡಿನಲ್ಲಿ ಯಾರಿಗೆ ಆಗುವುದಿಲ್ಲವೋ ಅವರು "ನೆರಳಿಗೆ ಹೋಗ್ತೀನಿ ಮಿಸ್" ಎಂದರೆ ಸಾಕು. ಜ್ವರ ಬಂದ ಹುಡುಗನೂ ಅದನ್ನೇ ಹೇಳುತ್ತಾನೆ, ಕಾಲು ಉಳುಕಿದವನೂ ಅದನ್ನೇ ಹೇಳುತ್ತಾನೆ. ಹಾಗಾಗಿ ನೆರಳಲ್ಲಿ ಕೂತವಳು ಯಾಕೆ ಕೂತಿದ್ದಾಳೆಂದು ಯಾರಿಗೂ ಗೊತ್ತಾಗುವುದಿಲ್ಲ. ಕೂತವರ ಕೈಗೆ ಸ್ಕೋರಿನ ಪುಸ್ತಕ, ಸೀಟಿ. ಅರ್ಧ ಆಟದಲ್ಲಿ ಮೈ ಹಗುರಾದರೆ ಎದ್ದು ಬರಬಹುದು, ಆಡುತ್ತಿದ್ದವಳು ನಡುವೆ ಎದ್ದು ಹೋಗಲೂಬಹುದು. ಇದರಿಂದ ಹುಡುಗಿಯರು ಸೋಮಾರಿಗಳಾಗುತ್ತಾರೆ ಎಂದು ಸಹೋದ್ಯೋಗಿಗಳು ಹೇಳಿದ್ದರು. ನಾನು ಕಂಡದ್ದು ಬೇರೆ. ಕೇಳದೆಯೇ ಕೂರಬಹುದು ಎಂದು ಗೊತ್ತಾದ ಮೇಲೆ, ಮುಟ್ಟಿನ ದಿನ ಶಾಲೆಗೇ ಬಾರದಿದ್ದವರು ಬರತೊಡಗಿದರು. ಬಂದವರು ಸ್ವಲ್ಪ ಹೊತ್ತು ಸ್ಕೋರು ಬರೆದು, ಆಮೇಲೆ ಪುಸ್ತಕವನ್ನು ಪಕ್ಕದವಳಿಗೆ ಕೊಟ್ಟು, ಚಪ್ಪಲಿ ಬಿಟ್ಟು ಅಂಕಣಕ್ಕೆ ಓಡುತ್ತಾರೆ.